ರೋಗಿ ಬಂದರು, ವರದಿ ಬರಲಿಲ್ಲ: ಮೈಸೂರು ಮತ್ತು ಮಂಡ್ಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಮೈಸೂರು ಜಿಲ್ಲೆ
ಮಾನ್ಯ ಜಿಲ್ಲಾಧಿಕಾರಿಗಳು, ಮಂಡ್ಯ ಜಿಲ್ಲೆ

ಮಾನ್ಯರೇ,

ಮಂಡ್ಯದ ಕಡೆಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಿಂದ ಮೈಸೂರಿನ ದೊಡ್ಡ ಆಸ್ಪತ್ರೆಗೆ ರೋಗಿಯನ್ನು ಸಾಗಿಸುವಾಗ ಆಂಬ್ಯುಲೆನ್ಸಿನಲ್ಲಿ ಅವರ ಜೊತೆಗೆ ಸಿ.ಟಿ. ಸ್ಕ್ಯಾನಿನ ಫಿಲ್ಮುಗಳು ಹೋಗುತ್ತವೆ, ಇಸಿಜಿ ಹಾಳೆ ಹೋಗುತ್ತದೆ, ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್ ಪ್ರತಿಗಳು ಹೋಗುತ್ತವೆ, ಬಾಕಿ ಹಣ ಕಟ್ಟಿದ ರಸೀದಿಯಂತೂ ತಪ್ಪದೆ ಹೋಗುತ್ತದೆ. ಆದರೆ ಆ ರೋಗಿಯ ರಕ್ತದಲ್ಲೋ ಕಫದಲ್ಲೋ ಮೂತ್ರದಲ್ಲೋ ಯಾವ ಬ್ಯಾಕ್ಟೀರಿಯಾ ಬೆಳೆದಿದೆ, ಅದು ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದನ್ನು ಹೇಳುವ ಹಾಳೆ ಜೊತೆಯಲ್ಲಿ ಹೋಗುವುದನ್ನು ನಾನು ಕಂಡಿರುವುದು ಬಹಳ ಕಡಿಮೆ. ಆ ಒಂದು ಹಾಳೆಯನ್ನು ಎರಡೂ ಜಿಲ್ಲೆಗಳಲ್ಲಿ ಕಡ್ಡಾಯ ಮಾಡಬೇಕೆಂದು ಕೋರುವುದಷ್ಟೇ ಈ ಪತ್ರದ ಉದ್ದೇಶ. ಕೋರಿಕೆ ಚಿಕ್ಕದು, ಅದರ ಕಾರಣ ಹೇಳುವುದಕ್ಕೆ ಮಾತ್ರ ತುಸು ಉದ್ದವಾಗಿಯೇ ಬರೆಯಬೇಕಾಗಿದೆ.

ನಾನು ಮೂವತ್ತೊಂದು ವರ್ಷ ಸೂಕ್ಷ್ಮಜೀವಿ ಪ್ರಯೋಗಾಲಯಗಳಲ್ಲಿ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದವಳು. ವೈದ್ಯಳಲ್ಲ, ಆದ್ದರಿಂದ ಯಾರಿಗೆ ಯಾವ ಔಷಧ ಕೊಡಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆರೆದು, ಹಿಂದಿನ ದಿನ ಹಾಕಿಟ್ಟ ಪ್ಲೇಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಏನು ಬೆಳೆದಿದೆ ಎಂದು ಓದುವುದು ನನ್ನ ಕೆಲಸವಾಗಿತ್ತು. ಬ್ಯಾಕ್ಟೀರಿಯಾ ಬೆಳೆಸಲು ಪ್ಲೇಟಿಗೆ ಹಾಕುವ ಮೆಕಾಂಕಿ ಅಗರ್ ಎಂಬ ಪದಾರ್ಥದ ಮೇಲೆ ಲೋಳೆಯಂತೆ ಹೊಳೆಯುವ ಗುಲಾಬಿ ಬಣ್ಣದ ದಪ್ಪ ಗುಂಪುಗಳು ಕಂಡರೆ ಅದು ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದೆಂದು ಕೈಗೆ ಮೊದಲೇ ಗೊತ್ತಾಗುತ್ತಿತ್ತು. ಅದನ್ನು ಇನ್ನೊಂದು ಪ್ಲೇಟಿನ ಮೇಲೆ ಒಂದೇ ಸಮನಾಗಿ ಹರಡಿ, ಔಷಧ ಹೀರಿಸಿದ ಸಣ್ಣ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಟ್ಟು, ಮರುದಿನ ಪ್ರತಿ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ತಿಳಿಯಾದ ವೃತ್ತವನ್ನು ಸ್ಕೇಲಿನಿಂದ ಅಳೆಯುತ್ತಿದ್ದೆವು. ಕ್ಲೆಬ್ಸಿಯೆಲ್ಲಾ ಜಾತಿಯವಕ್ಕೆ ಮೆರೋಪೆನೆಮ್ ಬಿಲ್ಲೆಯ ಸುತ್ತ 23 ಮಿಲಿಮೀಟರ್ ಅಥವಾ ಹೆಚ್ಚಿನ ವೃತ್ತವಿದ್ದರೆ 'ಎಸ್', ಅಂದರೆ ಔಷಧ ನಾಟುತ್ತದೆ. 19 ಅಥವಾ ಅದಕ್ಕಿಂತ ಕಡಿಮೆಯಿದ್ದರೆ 'ಆರ್', ಅಂದರೆ ನಾಟುವುದಿಲ್ಲ. ಮನುಷ್ಯನ ಪ್ರಾಣ ನಾಲ್ಕು ಮಿಲಿಮೀಟರಿನ ಅಂತರದಲ್ಲಿ ನಿಂತಿರುತ್ತದೆಂದು ಹೊಸಬರಿಗೆ ಹೇಳಿಕೊಡುವಾಗ ಅವರು ನಗುತ್ತಿದ್ದರು. ಈಗ ಯಂತ್ರಗಳು ಬಂದಿವೆ, ಸ್ಕೇಲು ಹಿಡಿಯುವ ಕೆಲಸ ಕಡಿಮೆಯಾಗಿದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಜೆಂಟಾಮೈಸಿನ್, ಸೆಫೋಟಾಕ್ಸಿಮ್ ಬಿಲ್ಲೆಗಳ ಸುತ್ತ ಅಳೆಯುವ ಅಗತ್ಯವೇ ಬೀಳದಷ್ಟು ಅಗಲವಾದ ವೃತ್ತಗಳು ಕಾಣುತ್ತಿದ್ದವು. ಕೊನೆಯ ಕೆಲವು ವರ್ಷಗಳಲ್ಲಿ ಐಸಿಯುವಿನಿಂದ ಬಂದ ಮಾದರಿಗಳ ಪ್ಲೇಟುಗಳನ್ನು ತೆರೆದರೆ, ಒಂದು ಬಿಲ್ಲೆಯನ್ನೂ ಲೆಕ್ಕಿಸದೆ ಅಂಚಿನವರೆಗೂ ಮುತ್ತಿಕೊಂಡು ಬೆಳೆದ ಹಾಸು ಕಾಣುವುದು ಮಾಮೂಲಾಗಿತ್ತು. ಇದು ನನ್ನೊಬ್ಬಳ ಅನುಭವವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2013ರಿಂದ ನಡೆಸುತ್ತಿರುವ ನಿಗಾ ಜಾಲದ ವರದಿಗಳ ಪ್ರಕಾರ, ಇಮಿಪೆನೆಮ್ ಎಂಬ ಪ್ರಬಲ ಔಷಧಕ್ಕೆ ಬಗ್ಗುವ ಕ್ಲೆಬ್ಸಿಯೆಲ್ಲಾ ಮಾದರಿಗಳ ಪ್ರಮಾಣ 2016ರಲ್ಲಿ ಶೇ. 65 ಇದ್ದದ್ದು 2021ರ ಹೊತ್ತಿಗೆ ಶೇ. 43ಕ್ಕೆ ಇಳಿದಿತ್ತು. ಇಮಿಪೆನೆಮ್ ಮತ್ತು ಮೆರೋಪೆನೆಮ್ ಸೇರಿರುವ ಕಾರ್ಬಪೆನೆಮ್ ಗುಂಪು ಕೈಕೊಟ್ಟರೆ ಮುಂದಿನ ದಾರಿ ಬಹಳ ಕಿರಿದು. 1950ರ ದಶಕದಲ್ಲಿ ಬಳಕೆಗೆ ಬಂದು, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂಬ ಕಾರಣಕ್ಕೆ ಮೂಲೆಗೆ ಸೇರಿದ್ದ ಕೊಲಿಸ್ಟಿನ್ ಎಂಬ ಹಳೆಯ ಔಷಧವನ್ನು ವೈದ್ಯರು ಮತ್ತೆ ಹೊರತೆಗೆದದ್ದು ಬೇರೆ ದಾರಿ ಕಾಣದೆ. ಪ್ರಯೋಗಾಲಯದ ಮಾನದಂಡ ನಿಗದಿಪಡಿಸುವ ಅಮೆರಿಕದ ಸಂಸ್ಥೆಯು 2020ರಿಂದ ಕೊಲಿಸ್ಟಿನ್‌ಗೆ 'ಎಸ್' ಎಂಬ ವರ್ಗವನ್ನೇ ತೆಗೆದುಹಾಕಿದೆ. ಅತ್ಯುತ್ತಮ ಫಲಿತಾಂಶ ಬಂದರೂ ವರದಿಯಲ್ಲಿ ಬರೆಯುವುದು 'ಐ', ಅಂದರೆ ನಡುವಿನದು, ಎಂದು. ಕೊನೆಯ ಔಷಧದ ಬಗ್ಗೆಯೇ ಇಷ್ಟು ಅನುಮಾನವಿರುವಾಗ ಅದಕ್ಕೂ ಮೊದಲಿನ ದಿನಗಳನ್ನು ನಾವು ಹೇಗೆ ಕಳೆಯುತ್ತೇವೆ ಎಂಬುದು ಮುಖ್ಯವಾಗುತ್ತದೆ.

ನಾನು ಆ ದಿನಗಳ ಲೆಕ್ಕ ಹಾಕಿದ್ದು ನನ್ನ ಅಕ್ಕನ ಗಂಡನ ವಿಷಯದಲ್ಲಿ. ಕಬ್ಬು ಅರೆಯುವ ಹಂಗಾಮಿನ ಒಂದು ರಾತ್ರಿ ಮಳವಳ್ಳಿ ಕಡೆಯ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರಾಕ್ಟರಿಗೆ ಭಾವನ ಬೈಕು ಬಡಿಯಿತು. ತಲೆಗೆ ಪೆಟ್ಟಾಗಿತ್ತು. ಮಂಡ್ಯದ ಕಡೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸೇರಿಸಿ, ಗಂಟಲಿಗೆ ನಳಿಕೆ ಹಾಕಿ ವೆಂಟಿಲೇಟರಿಗೆ ಜೋಡಿಸಿದರು. ಐದನೆಯ ದಿನ ಜ್ವರ ಏರಿತು, ನಳಿಕೆಯಿಂದ ಬರುತ್ತಿದ್ದ ಕಫ ಹಳದಿಯಾಯಿತು. ಅಲ್ಲಿನ ವೈದ್ಯರು ರಕ್ತವನ್ನೂ ಕಫವನ್ನೂ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರು. ಅವರು ಮಾಡಿದ್ದು ಸರಿಯಾದ ಕೆಲಸವೇ. ಏಳನೆಯ ದಿನ ನಾವೇ, ಅಂದರೆ ಮನೆಯವರೇ, ಮೈಸೂರಿಗೆ ಕರೆದೊಯ್ಯುತ್ತೇವೆಂದು ಹಟ ಹಿಡಿದು ಸಾಗಿಸಿದೆವು. ಸುಮಾರು ನಲವತ್ತೈದು ಕಿಲೋಮೀಟರು, ಒಂದು ಗಂಟೆಯ ದಾರಿ. ಮೈಸೂರಿನಲ್ಲಿ ಮೆರೋಪೆನೆಮ್ ಆರಂಭಿಸಿ ಹೊಸದಾಗಿ ಕಲ್ಚರ್ ಕಳಿಸಿದರು. ಹನ್ನೊಂದನೆಯ ದಿನ ವರದಿ ಬಂತು: ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ, ಮೆರೋಪೆನೆಮ್ 'ಆರ್'. ಅಂದೇ ಔಷಧ ಬದಲಾಯಿತು. ಹತ್ತೊಂಬತ್ತನೆಯ ದಿನ ಬೆಳಗಿನ ಜಾವ ಭಾವ ತೀರಿಕೊಂಡರು.

ಎರಡು ತಿಂಗಳ ಮೇಲೆ, ಅಪಘಾತ ಪರಿಹಾರದ ದಾವೆಗೆ ಕಾಗದಪತ್ರ ಬೇಕೆಂದು ವಕೀಲರು ಕೇಳಿದಾಗ ಅಕ್ಕ ಮೊದಲಿನ ಆಸ್ಪತ್ರೆಗೆ ಹೋಗಿ ಫೈಲಿನ ಪ್ರತಿ ತಂದಳು. ಅದನ್ನು ಜೋಡಿಸಿಕೊಡಲು ಕೂತಾಗ ನಡುವೆ ಒಂದು ಹಾಳೆ ಸಿಕ್ಕಿತು. ಐದನೆಯ ದಿನ ಕಳಿಸಿದ ಮಾದರಿಯ ವರದಿ. ಅದೇ ಕ್ಲೆಬ್ಸಿಯೆಲ್ಲಾ, ಅದೇ ಮೆರೋಪೆನೆಮ್, ಅದೇ 'ಆರ್'. ಮುದ್ರಣವಾದ ದಿನಾಂಕ ಎಂಟನೆಯ ದಿನದ್ದು, ಅಂದರೆ ನಾವು ಮೈಸೂರಿಗೆ ಬಂದ ಮರುದಿನದ್ದು. ಎಂಟರಿಂದ ಹನ್ನೊಂದರವರೆಗೆ ಮೂರು ದಿನ ಆ ಹಾಳೆ ಒಂದು ಗಂಟೆಯ ದಾರಿಯಾಚೆ ಫೈಲಿನಲ್ಲಿ ಮಲಗಿತ್ತು. ಇಲ್ಲಿ ಭಾವನ ರಕ್ತನಾಳಕ್ಕೆ ನಾಟದ ಔಷಧ ದಿನಕ್ಕೆ ಮೂರು ಹೊತ್ತು ಹೋಗುತ್ತಿತ್ತು. ಔಷಧ ಮೊದಲೇ ಬದಲಾಗಿದ್ದರೆ ಅವರು ಉಳಿಯುತ್ತಿದ್ದರೆಂದು ನಾನು ಹೇಳಲಾರೆ, ತಲೆಯ ಪೆಟ್ಟು ಸಣ್ಣದಾಗಿರಲಿಲ್ಲ. ಎರಡು ಆಸ್ಪತ್ರೆಗಳಲ್ಲಿ ಯಾರೂ ತಮ್ಮ ಕೆಲಸದಲ್ಲಿ ಉದಾಸೀನ ತೋರಿದರೆಂದೂ ಹೇಳುವುದಿಲ್ಲ. ಮೂವತ್ತೊಂದು ವರ್ಷ ಇಂಥ ವರದಿಗಳನ್ನೇ ಬರೆದ ನಾನೂ 'ಅಲ್ಲಿಯ ಕಲ್ಚರ್ ಏನಾಯಿತು' ಎಂದು ಒಂದು ಫೋನು ಮಾಡಲಿಲ್ಲ. ಗೊತ್ತಿದ್ದವಳೇ ಗಾಬರಿಯಲ್ಲಿ ಮರೆತೆ ಎಂದ ಮೇಲೆ, ಹೊಲ ಗದ್ದೆ ಬಿಟ್ಟು ಬಂದು ಐಸಿಯು ಬಾಗಿಲಲ್ಲಿ ಚಾಪೆ ಹಾಸಿಕೊಂಡು ಕೂತವರು ಕೇಳಬೇಕಿತ್ತು ಎನ್ನುವುದು ನ್ಯಾಯವಲ್ಲ. ಇದು ಯಾರ ನೆನಪಿನ ಮೇಲೂ ನಿಲ್ಲಬಾರದ ಕೆಲಸ.

ಕಲ್ಚರ್ ವರದಿ ತಡವಾಗುವುದು ಅದರ ಸ್ವಭಾವದಲ್ಲೇ ಇದೆ ಎಂಬುದನ್ನು ಇಲ್ಲಿ ವಿವರಿಸಬೇಕು. ಸಕ್ಕರೆ, ಸೋಡಿಯಂ, ಕ್ರಿಯಾಟಿನಿನ್ ಪರೀಕ್ಷೆಗಳ ಹಾಗೆ ಇದು ಒಂದೆರಡು ಗಂಟೆಯಲ್ಲಿ ಮುಗಿಯುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಯಬೇಕು, ಅದನ್ನು ಗುರುತಿಸಬೇಕು, ಔಷಧಗಳೆದುರು ಮತ್ತೆ ಬೆಳೆಸಿ ನೋಡಬೇಕು; ಸಾಮಾನ್ಯವಾಗಿ ಎರಡರಿಂದ ಮೂರು ದಿನ ಹಿಡಿಯುತ್ತದೆ. ಐಸಿಯು ರೋಗಿಯನ್ನು ಬೇರೆಡೆಗೆ ಸಾಗಿಸುವ ನಿರ್ಧಾರವಾಗುವುದು ಹೆಚ್ಚಾಗಿ ಸ್ಥಿತಿ ಬಿಗಡಾಯಿಸಿದಾಗ, ಅಂದರೆ ಮಾದರಿ ಕಳಿಸಿ ಫಲಿತಾಂಶಕ್ಕೆ ಕಾಯುತ್ತಿರುವ ಆ ಎರಡು ಮೂರು ದಿನಗಳಲ್ಲೇ. ಸಾಗಿಸುವಾಗ ಕೊಡುವ ರೆಫರಲ್ ಚೀಟಿಯಲ್ಲಿ ಬರದ ವರದಿಯ ಉಲ್ಲೇಖ ಇರುವುದಿಲ್ಲ. ವರದಿ ಬಂದಾಗ ರೋಗಿ ಅಲ್ಲಿರುವುದಿಲ್ಲ, ಇಲ್ಲದ ರೋಗಿಯ ವರದಿಯನ್ನು ಯಾರಿಗೆ ಹೇಳಬೇಕೆಂದು ಪ್ರಯೋಗಾಲಯಕ್ಕೆ ಗೊತ್ತಿರುವುದಿಲ್ಲ. ಹಾಳೆ ಕಳೆದುಹೋಗುವುದು ಯಾರದೋ ತಪ್ಪಿನಿಂದಲ್ಲ, ಅದನ್ನು ಮುಂದಕ್ಕೆ ದಾಟಿಸುವುದು ಯಾರ ಕೆಲಸವೂ ಅಲ್ಲದ್ದರಿಂದ.

ಹೋಗದ ಹಾಳೆಯಿಂದ ನಷ್ಟ ಆ ಒಬ್ಬ ರೋಗಿಗೆ ಮಾತ್ರವೂ ಅಲ್ಲ. ವೆಂಟಿಲೇಟರಿನ ನಳಿಕೆ, ಕತ್ತಿನ ರಕ್ತನಾಳದ ಸೆಂಟ್ರಲ್ ಲೈನ್, ಮೂತ್ರದ ಕ್ಯಾತಿಟರ್, ಇವು ಮೂರೂ ಜೀವ ಉಳಿಸುವ ಸಾಧನಗಳು, ಹಾಗೆಯೇ ಚರ್ಮ ಮತ್ತು ಗಂಟಲಿನ ಸಹಜ ಕಾವಲನ್ನು ದಾಟಿ ಒಳಗೆ ಹೋಗುವ ದಾರಿಗಳೂ ಹೌದು. ಅವುಗಳ ಒಳಮೈಗೆ ಬ್ಯಾಕ್ಟೀರಿಯಾ ಪಾಚಿಯಂತೆ ಪದರ ಕಟ್ಟಿಕೊಂಡರೆ ಔಷಧ ತಲುಪುವುದು ಕಷ್ಟ. ಐಸಿಯುಗಳನ್ನು ಕಾಡುವ ಇನ್ನೊಂದು ಬ್ಯಾಕ್ಟೀರಿಯಾ ಅಸಿನೆಟೊಬ್ಯಾಕ್ಟರ್ ಒಣಗಿದ ಮೇಲ್ಮೈಗಳ ಮೇಲೆ ವಾರಗಟ್ಟಲೆ ಬದುಕಬಲ್ಲದು. ಮಂಚದ ಕಂಬಿ, ಮಾನಿಟರಿನ ಗುಂಡಿ, ರಕ್ತದೊತ್ತಡ ನೋಡುವ ಪಟ್ಟಿ, ಎಲ್ಲವೂ ಅದಕ್ಕೆ ತಂಗುದಾಣ. ಕ್ಲೆಬ್ಸಿಯೆಲ್ಲಾದಲ್ಲಿ ಔಷಧವನ್ನು ಮುರಿಯುವ ಕಿಣ್ವದ ಸೂಚನೆ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿರುತ್ತದೆ, ಆ ಉಂಗುರವನ್ನು ಒಂದು ಬ್ಯಾಕ್ಟೀರಿಯಾ ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಭಾವನನ್ನು ಮೈಸೂರಿನಲ್ಲಿ ಮಲಗಿಸಿದ ಮಂಚದ ಎರಡೂ ಪಕ್ಕ ಬೇರೆ ರೋಗಿಗಳಿದ್ದರು. ಒಬ್ಬರೇ ಸಿಸ್ಟರ್ ಮೂರು ಮಂಚ ನೋಡಿಕೊಳ್ಳುತ್ತಿದ್ದರು, ವೆಂಟಿಲೇಟರಿನಲ್ಲಿರುವ ರೋಗಿಗೆ ಒಬ್ಬರಂತೆ ದಾದಿ ಇರಬೇಕೆಂಬುದು ಪುಸ್ತಕದ ನಿಯಮವಾದರೂ. ಬಂದ ರೋಗಿಯ ಮೈಯಲ್ಲಿ ಏನಿದೆ ಎಂದು ಬಾಗಿಲಲ್ಲೇ ಗೊತ್ತಿದ್ದರೆ ಅವರನ್ನು ಮೂಲೆಯ ಮಂಚಕ್ಕೆ ಹಾಕಿ, ಬೇರೆ ಗೌನು ಬೇರೆ ಸ್ಟೆತಸ್ಕೋಪು ಇಡಬಹುದಿತ್ತು. ಗೊತ್ತಿಲ್ಲದ್ದರಿಂದ ಇಡಲಿಲ್ಲ. ಪಕ್ಕದವರಿಗೆ ಏನಾಯಿತೆಂದು ನಾನು ವಿಚಾರಿಸಲಿಲ್ಲ, ವಿಚಾರಿಸಲು ಧೈರ್ಯವೂ ಆಗಲಿಲ್ಲ.

ಇದನ್ನೆಲ್ಲ ಬರೆದುಕೊಡಲು ಆಸ್ಪತ್ರೆಗಳು ಹಿಂಜರಿಯುವುದು ಏಕೆಂದು ಒಳಗಿದ್ದವಳಾಗಿ ನನಗೆ ಗೊತ್ತು. 'ನಮ್ಮಲ್ಲಿ ಸೋಂಕು ತಗಲಿತು' ಎಂದು ಲಿಖಿತದಲ್ಲಿ ಒಪ್ಪಿಕೊಂಡಂತಾಗುತ್ತದೆ, ನಾಳೆ ಅದೇ ಹಾಳೆ ಗ್ರಾಹಕರ ಆಯೋಗದ ಮುಂದೆ ಹಾಜರಾಗುತ್ತದೆ ಎಂಬ ಭಯ. ಈ ಭಯ ದೊಡ್ಡ ಮಟ್ಟದಲ್ಲಿಯೂ ಒಮ್ಮೆ ಕಂಡಿತ್ತು. ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ್ದ ರೋಗಿಯೊಬ್ಬರಲ್ಲಿ 2008ರಲ್ಲಿ ಪತ್ತೆಯಾದ, ಕಾರ್ಬಪೆನೆಮ್ ಔಷಧಗಳನ್ನು ಮುರಿಯುವ ಕಿಣ್ವಕ್ಕೆ ಎನ್‌ಡಿಎಂ-1 ಎಂದು ಹೆಸರಿಟ್ಟು, ಅದರಲ್ಲಿ ನವದೆಹಲಿಯ ಹೆಸರು ಸೇರಿಸಿದ್ದಕ್ಕೆ 2010ರಲ್ಲಿ ನಮ್ಮಲ್ಲಿ ಭಾರೀ ಆಕ್ಷೇಪವೆದ್ದಿತು. ಊರಿನ ಹೆಸರನ್ನು ರೋಗಕ್ಕೆ ಅಂಟಿಸುವುದು ತಪ್ಪೆಂಬ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಹೆಸರಿನ ಜಗಳದಲ್ಲಿ ನಾವು ಕಳೆದ ಶಕ್ತಿಯ ಅರ್ಧದಷ್ಟನ್ನು ಐಸಿಯುಗಳ ಕೈತೊಳೆಯುವ ತೊಟ್ಟಿಗಳಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಆಗ ಪ್ಲೇಟು ಓದುತ್ತಿದ್ದ ನಮಗೆಲ್ಲ ಅನ್ನಿಸಿತ್ತು. ಆದ್ದರಿಂದ ನಾನು ಯಾವ ಆಸ್ಪತ್ರೆಯಲ್ಲಿ ಎಷ್ಟು ಸೋಂಕು ಎಂಬ ಪಟ್ಟಿಯನ್ನು ಪತ್ರಿಕೆಯಲ್ಲಿ ಹಾಕಿರೆಂದು ಕೇಳುತ್ತಿಲ್ಲ. ಆ ಹಾಳೆ ಒಬ್ಬ ವೈದ್ಯರಿಂದ ಇನ್ನೊಬ್ಬ ವೈದ್ಯರ ಕೈಗೆ ಹೋದರೆ ಸಾಕು.

ಹಾಳೆಯಲ್ಲಿ ಇರಬೇಕಾದದ್ದು ಅರ್ಧ ಪುಟಕ್ಕಿಂತ ಹೆಚ್ಚಿಲ್ಲ. ರೋಗಿ ಐಸಿಯುವಿನಲ್ಲಿ ಎಂದಿನಿಂದ ಎಂದಿನವರೆಗೆ ಇದ್ದರು. ಯಾವ ಯಾವ ನಳಿಕೆಗಳನ್ನು ಯಾವ ದಿನ ಹಾಕಲಾಯಿತು. ಯಾವ ಮಾದರಿಗಳನ್ನು ಎಂದು ಕಲ್ಚರ್‌ಗೆ ಕಳಿಸಲಾಯಿತು, ಬಂದಿದ್ದರೆ ಫಲಿತಾಂಶವೇನು, ಬಾಕಿಯಿದ್ದರೆ ಬಾಕಿ ಎಂಬ ಸ್ಪಷ್ಟ ಮಾತು. ಯಾವ ಆ್ಯಂಟಿಬಯೋಟಿಕ್‌ಗಳನ್ನು ಎಷ್ಟು ದಿನ ಕೊಡಲಾಗಿದೆ. ರೋಗಿಯನ್ನು ಪ್ರತ್ಯೇಕವಾಗಿ ಇಡುವ ಅಗತ್ಯವಿದೆಯೇ. ಇದು ನಾನು ಕಂಡುಹಿಡಿದ ಹೊಸ ಸಂಗತಿಯೇನಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಆಸ್ಪತ್ರೆಯಿಂದ ಆಸ್ಪತ್ರೆಗೆ ರೋಗಿಯನ್ನು ಕಳಿಸುವಾಗ ತುಂಬಬೇಕಾದ ಇಂಥದೇ ನಮೂನೆಯನ್ನು ಯಾರು ಬೇಕಾದರೂ ಬಳಸಿಕೊಳ್ಳುವಂತೆ ಪ್ರಕಟಿಸಿದೆ. ಅಲ್ಲಿನ ಇಲಿನಾಯ್ ರಾಜ್ಯ 2013ರಲ್ಲಿ ಇನ್ನೂ ಮುಂದೆ ಹೋಗಿ, ಕಾರ್ಬಪೆನೆಮ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕಂಡ ರೋಗಿಗಳ ನೋಂದಣಿಯನ್ನು ಆರಂಭಿಸಿತು. ಹೊಸ ಆಸ್ಪತ್ರೆ ರೋಗಿಯನ್ನು ಸೇರಿಸಿಕೊಳ್ಳುವಾಗಲೇ ಅದರಲ್ಲಿ ಹುಡುಕಿ ನೋಡಬಹುದು. ನಮ್ಮಲ್ಲಿ ಹದಿನಾಲ್ಕು ಅಂಕಿಗಳ ಆಭಾ ಎಂಬ ಆರೋಗ್ಯ ಖಾತೆಯ ಸಂಖ್ಯೆ ಇದೆ, ನೋಂದಣಿ ಕೌಂಟರಿನಲ್ಲಿ ಕ್ಯೂಆರ್ ಸಂಕೇತ ಇದೆ, ಆದರೆ ಐಸಿಯು ಕಲ್ಚರ್ ವರದಿ ಇನ್ನೂ ಫೈಲಿನ ದಾರಕ್ಕೆ ಕಟ್ಟಿಸಿಕೊಂಡೇ ಇರುತ್ತದೆ. ಗಣಕದ ವ್ಯವಸ್ಥೆ ಬರುವವರೆಗೆ ಕಾಯಬೇಕಾಗಿಲ್ಲ, ಕಾಗದವೇ ಸಾಕು.

ತಜ್ಞರಿಂದ ಒಂದು ಆಕ್ಷೇಪ ಬರಬಹುದು, ಅದು ಸರಿಯಾದದ್ದೇ. ವೆಂಟಿಲೇಟರ್ ರೋಗಿಯ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆದ ಮಾತ್ರಕ್ಕೆ ಅವರಿಗೆ ಸೋಂಕು ಇದೆ ಎಂದಾಗುವುದಿಲ್ಲ. ಸುಮ್ಮನೆ ನೆಲೆಸಿರುವುದು ಬೇರೆ, ರೋಗ ತರುವುದು ಬೇರೆ. ಹಾಳೆಯಲ್ಲಿ 'ಕ್ಲೆಬ್ಸಿಯೆಲ್ಲಾ' ಎಂಬ ಹೆಸರು ಕಂಡ ಕೂಡಲೇ ಕಿರಿಯ ವೈದ್ಯರು ಕೊಲಿಸ್ಟಿನ್ ಆರಂಭಿಸಿಬಿಟ್ಟರೆ ಲಾಭಕ್ಕಿಂತ ಹಾನಿ ಹೆಚ್ಚು. ನನ್ನ ಸೇವೆಯಲ್ಲಿ ಇಂಥ ಆತುರವನ್ನು ಎಷ್ಟೋ ಬಾರಿ ಕಂಡಿದ್ದೇನೆ, ವಾರ್ಡಿನಿಂದ ಫೋನು ಮಾಡಿ 'ಏನು ಬೆಳೆದಿದೆ' ಎಂದಷ್ಟೇ ಕೇಳಿ, 'ಎಷ್ಟು ಬೆಳೆದಿದೆ, ಎಲ್ಲಿಂದ ತೆಗೆದ ಮಾದರಿ' ಎಂದು ಕೇಳದೆ ಇಟ್ಟುಬಿಡುವವರಿದ್ದರು. ಆದರೆ ಈ ಅಪಾಯಕ್ಕೆ ಮದ್ದು ಮಾಹಿತಿಯನ್ನು ಮುಚ್ಚಿಡುವುದಲ್ಲ. ಮಾದರಿ ಎಲ್ಲಿಂದ ತೆಗೆದದ್ದು, ಆಗ ರೋಗಿಗೆ ಜ್ವರವಿತ್ತೇ, ಕಳಿಸಿದ ವೈದ್ಯರ ಅಭಿಪ್ರಾಯದಲ್ಲಿ ಅದು ಸೋಂಕೋ ನೆಲೆಸಿರುವುದೋ ಎಂದು ಒಂದು ಸಾಲು ಸೇರಿಸಿದರೆ ಓದುವವರಿಗೆ ದಾರಿ ತಿಳಿಯುತ್ತದೆ. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು 2024ರ ಜನವರಿಯಲ್ಲಿ, ಆ್ಯಂಟಿಬಯೋಟಿಕ್ ಬರೆಯುವಾಗ ಯಾವ ಕಾರಣಕ್ಕೆ ಎಂಬುದನ್ನೂ ಚೀಟಿಯಲ್ಲಿ ಬರೆಯಬೇಕೆಂದು ವೈದ್ಯರನ್ನು ಕೋರಿದ್ದು ಇದೇ ಶಿಸ್ತಿನ ಮಾತು. ಔಷಧದಂಗಡಿಗಳಲ್ಲಿ ಚೀಟಿಯಿಲ್ಲದೆ ಮಾತ್ರೆ ಮಾರುವ ವಿಷಯ, 2014ರಿಂದ ಜಾರಿಯಲ್ಲಿರುವ, ಮಾರಾಟವನ್ನು ಬರೆದಿಡಲೇಬೇಕಾದ ಔಷಧಗಳ ಪಟ್ಟಿಯಾದ ಎಚ್-1 ಅನುಸೂಚಿಯ ರಿಜಿಸ್ಟರು ಎಷ್ಟು ಕಡೆ ತೆರೆದಿದೆ ಎಂಬ ವಿಷಯ, ಇವು ಬೇರೆಯೇ ಪತ್ರಕ್ಕೆ ಸೇರಿದವು.

ಇದನ್ನು ಜಾರಿಗೆ ತರುವ ಅಧಿಕಾರ ತಮ್ಮ ಕೈಯಳತೆಯಲ್ಲಿದೆ ಎಂದು ನಂಬಿ ಬರೆಯುತ್ತಿದ್ದೇನೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮಕ್ಕೆ 2017ರಲ್ಲಿ ಆದ ತಿದ್ದುಪಡಿಯಂತೆ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ನಡತೆಯ ನಿಯಮಾವಳಿ ಹೇಳುತ್ತದೆ. ಅಂದರೆ ಹಾಳೆಯ ಮೇಲೆ ರೋಗಿಗೆ ಹಕ್ಕು ಈಗಾಗಲೇ ಇದೆ, ಇಲ್ಲದ್ದು ವೇಗ. ವೆಂಟಿಲೇಟರಿನಲ್ಲಿರುವವರು ಅರ್ಜಿ ಬರೆದು 72 ಗಂಟೆ ಕಾಯುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ಎರಡೂ ಜಿಲ್ಲೆಗಳ ಪ್ರಾಧಿಕಾರಗಳು ಒಟ್ಟಿಗೆ ಒಂದೇ ನಮೂನೆಯನ್ನು ಒಪ್ಪಿ, ಐಸಿಯು ಇರುವ ಪ್ರತಿ ಖಾಸಗಿ ಆಸ್ಪತ್ರೆಗೆ ಸುತ್ತೋಲೆ ಕಳಿಸಬೇಕು. ಸರ್ಕಾರಿ ಆಸ್ಪತ್ರೆಗಳಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಮತ್ತು ವೈದ್ಯಕೀಯ ಕಾಲೇಜುಗಳ ನಿರ್ದೇಶಕರ ಮೂಲಕ ಅದೇ ನಮೂನೆ ಹೋಗಬೇಕು. ಒಂದು ಜಿಲ್ಲೆ ಮಾತ್ರ ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ರೋಗಿ ಹೊರಡುವುದು ಒಂದು ಜಿಲ್ಲೆಯಿಂದ, ಸೇರುವುದು ಇನ್ನೊಂದರಲ್ಲಿ. ಶ್ರೀರಂಗಪಟ್ಟಣ ದಾಟುವ ಆಂಬ್ಯುಲೆನ್ಸಿನ ಒಳಗಿರುವ ಬ್ಯಾಕ್ಟೀರಿಯಾಕ್ಕೆ ಗಡಿಯ ಫಲಕ ಓದಲು ಬರುವುದಿಲ್ಲ. ಚಾಮರಾಜನಗರ ಮತ್ತು ಕೊಡಗಿನವರೂ ಮೈಸೂರಿಗೇ ಬರುವುದರಿಂದ ಮುಂದೆ ಅವರನ್ನೂ ಸೇರಿಸಿಕೊಳ್ಳಬಹುದು.

ಸುತ್ತೋಲೆ ಕಳಿಸಿ ಮರೆಯದಂತೆ ಒಂದು ಸಣ್ಣ ಪರಿಶೀಲನೆಯೂ ಇರಲಿ: ಮೂರು ತಿಂಗಳಿಗೊಮ್ಮೆ, ಬೇರೆಡೆಯಿಂದ ಬಂದ ಐಸಿಯು ರೋಗಿಗಳಲ್ಲಿ ಎಷ್ಟು ಮಂದಿಯ ಜೊತೆ ಹಾಳೆ ಬಂದಿತ್ತು ಎಂಬ ಒಂದೇ ಒಂದು ಸಂಖ್ಯೆಯನ್ನು ಪ್ರತಿ ಆಸ್ಪತ್ರೆಯಿಂದ ತರಿಸಿಕೊಂಡರೆ ಸಾಕು. ಹೆಚ್ಚು ಕೇಳಿದರೆ ಯಾರೂ ತುಂಬುವುದಿಲ್ಲ. ನಾನೂ ತುಂಬದ ರಿಜಿಸ್ಟರುಗಳ ನಡುವೆಯೇ ಕೆಲಸ ಮಾಡಿದವಳು.

ನಮೂನೆಯ ಕರಡನ್ನು ಈ ಪತ್ರದ ಜೊತೆ ಎರಡೂ ಕಚೇರಿಗಳಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ತಜ್ಞರು ತಿದ್ದಿದರೆ ಸಂತೋಷ. ಅದರ ಕೊನೆಯ ಕಲಂ ಒಂದನ್ನು ಮಾತ್ರ ದಯಮಾಡಿ ತೆಗೆಯಬೇಡಿ: 'ಬಾಕಿ ವರದಿ ಬಂದ ಕೂಡಲೇ ಫೋನು ಮಾಡಬೇಕಾದವರ ಹೆಸರು ಮತ್ತು ಸಂಖ್ಯೆ'. ಕಳಿಸುವ ಆಸ್ಪತ್ರೆಯ ಪ್ರಯೋಗಾಲಯದ್ದೊಂದು, ಸೇರಿಸಿಕೊಳ್ಳುವ ಐಸಿಯುವಿನದೊಂದು, ಎರಡು ಸಂಖ್ಯೆಗಳಿಗೆ ಅಲ್ಲಿ ಜಾಗ ಬಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ
ಮೈಸೂರು